54 ನಿಮಿಷದ ಹಾಡು ಒಂದೇ ಪ್ಲೇಟಲ್ಲಿ ಹಿಡಿಯುತ್ತಾ?

ಪ್ರಶ್ನೆ: ನಾಲ್ಕು ಜನ ಸೇರಿ ಕಟ್ಟಿರೋ ರಾಕ್ ಬ್ಯಾಂಡ್ ನಮ್ದು, ಬೆನ್ನಿಗೆ ಯಾವ ಕಂಪನಿನೂ ಇಲ್ಲ, ಕೈಯಿಂದ ದುಡ್ಡು ಹಾಕಿ ಮೊದಲ ಆಲ್ಬಮ್ ತರ್ತಾ ಇದೀವಿ. ಹತ್ತು ಹಾಡು, 54 ನಿಮಿಷ. ಎಲ್ಲಾ ಒಂದೇ ವಿನೈಲ್‌ನಲ್ಲಿ ಬರ್ಬೇಕು ಅಂತ ಆಸೆ. ಎರಡು ಹಾಡು ಕೈಬಿಡೋಣ ಅಂದಿದ್ದಕ್ಕೆ ಡ್ರಮ್ಮರ್ ಮಾತು ಬಿಟ್ಟಿದಾನೆ. ಏನ್ ಮಾಡೋದು?

ಉತ್ತರ: ಎರಡಲ್ಲ, ಮೂರು ಬಿಡಿ. ಡ್ರಮ್ಮರ್‌ನ ಸಂಕಟ ನಂಗೆ ಅರ್ಥ ಆಗುತ್ತೆ, ಆದ್ರೆ ಹಾಡು ಬಿಟ್ರೆ ಹೆಚ್ಚು ಲಾಭ ಆಗೋದು ಅವನ ಡ್ರಮ್ಸ್‌ಗೇನೇ. 12 ಇಂಚಿನ ಎಲ್‌ಪಿಯಲ್ಲಿ, ಅಂದ್ರೆ ಆಲ್ಬಮ್ ಹಿಡಿಯೋ ದೊಡ್ಡ ಪ್ಲೇಟಲ್ಲಿ, ಒಂದು ಸೈಡಿಗೆ 20-22 ನಿಮಿಷ ಅಂದ್ರೆ ಆರಾಮ್, ನೀವು 27 ತುರುಕ್ತಾ ಇದೀರ. ಜೋರು ಸದ್ದು, ದಪ್ಪ ಬೇಸ್ ಇದ್ರೆ ಮುಳ್ಳು ಓಡೋ ಗೀರು ಅಗಲಕ್ಕೆ ಓಲಾಡುತ್ತೆ, ಜಾಗ ಸಾಲ್ದೇ ಇದ್ದಾಗ ಕಟಿಂಗ್ ಮಾಡೋರು, ಅಂದ್ರೆ ಆ ಗೀರು ಕೊರೆಯೋರು, ಸದ್ದಿನ ಲೆವೆಲ್ ಇಳಿಸಲೇಬೇಕು, ಆಮೇಲೆ ಕೇಳೋರು ವಾಲ್ಯೂಮ್ ಏರಿಸ್ತಾರೆ, ಅದರ ಜೊತೆ ಪ್ಲೇಟಿನ ಚರಪರ ಸದ್ದೂ ಏರುತ್ತೆ.

ಹಾಡುಗಳ ಸರದಿನೂ ಈಗಲೇ ಕೂತು ನೋಡಿ. ಪ್ಲೇಟ್ ಒಂದು ಸುತ್ತು ಬರೋಕೆ 1.8 ಸೆಕೆಂಡು. ಅಷ್ಟರಲ್ಲಿ ಹೊರ ಅಂಚಲ್ಲಿ ಮುಳ್ಳು ಸುಮಾರು 90 ಸೆಂಟಿಮೀಟರ್ ಓಡುತ್ತೆ, ಲೇಬಲ್ ಹತ್ರ ಬಂದಾಗ 40ಕ್ಕಿಂತ ಕಮ್ಮಿ, ಅಂದ್ರೆ ಅದೇ ಸದ್ದನ್ನ ಅರ್ಧಕ್ಕಿಂತ ಚಿಕ್ಕ ಜಾಗದಲ್ಲಿ ಕೊರೀಬೇಕು. ಹಾಗಾಗಿ ನಿಮ್ಮ ಅತೀ ಜೋರಿನ ಹಾಡು ಸೈಡಿನ ಕೊನೇಲಿ ಬಂತೋ, ಡ್ರಮ್ಸಿನ ಸಿಂಬಲ್ ತಟ್ಟೆಗಳ ಸದ್ದು ಒಡೆದು ಕೇಳುತ್ತೆ, ‘ಸ’ಕಾರ ಎಲ್ಲಾ ಉಗುಳಿದ ಹಾಗೆ ಬರುತ್ತೆ. ಸೈಡಿನ ಕೊನೆಗೆ ಮೆಲ್ಲಗಿರೋ ಹಾಡು ಇಡಿ.

ಹಾಡು ಕಮ್ಮಿ ಆಯ್ತು ಅಂತ ರೆಕಾರ್ಡ್ ಚಿಕ್ಕದಾಗಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಪಂಕ್ ಬ್ಯಾಂಡ್ ಬಜ್‌ಕಾಕ್ಸ್ 1977ರಲ್ಲಿ ಸಾಲ ಮಾಡಿ ತಾವೇ ತಂದ ಮೊದಲ ರೆಕಾರ್ಡಲ್ಲಿ ಇದ್ದಿದ್ದು ನಾಲ್ಕೇ ಹಾಡು, ಮೊದಲು ಹಾಕಿಸಿದ್ದು 1000 ಕಾಪಿ. ಉಳಿದ ಮೂರನ್ನ ನೀವು ಆಮೇಲೆ ಸಿಂಗಲ್ಸ್ ಆಗಿ ಬಿಡಬಹುದಲ್ಲ, ಡ್ರಮ್ಮರ್‌ಗೂ ಹಾಗೇ ಹೇಳಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಟೆಸ್ಟ್ ಪ್ರೆಸ್ಸಿಂಗ್, ಅಂದ್ರೆ ಎಲ್ಲಾ ಕಾಪಿ ಒತ್ತೋಕೆ ಮುಂಚೆ ಪರೀಕ್ಷೆಗೆ ಅಂತ ಫ್ಯಾಕ್ಟರಿಯವರು ಕೊಡೋ ಕಾಪಿಗಳನ್ನ, ನಾಲ್ಕೂ ಜನ ಬೇರೆ ಬೇರೆ ಪ್ಲೇಯರ್‌ನಲ್ಲಿ ಮೊದಲಿಂದ ಕೊನೇವರೆಗೂ ಕೇಳಿ. ನಮ್ಮ ಮೊದಲ ರೆಕಾರ್ಡ್ ಟೈಮಲ್ಲಿ ನಾವು ಎ ಸೈಡ್ ಅಷ್ಟೇ ಕೇಳಿ ಓಕೆ ಅಂದ್ವಿ, ಬಿ ಸೈಡಿನ ಎರಡನೇ ಹಾಡಲ್ಲಿ ಸುತ್ತಿಗೊಂದು ಸಲ ‘ಟಕ್’ ಅಂತಿತ್ತು, ಅದು ಎಲ್ಲಾ ಕಾಪಿಗೂ ಹೋಗ್ಬಿಡ್ತು, ಇವತ್ತಿಗೂ ಆ ಹಾಡು ಹಾಕೋಕೆ ಮನಸ್ಸು ಬರಲ್ಲ. ಒಂದೇ ಕಾಪಿಯಲ್ಲಿ ‘ಟಕ್’ ಅಂದ್ರೆ ಧೂಳೋ ಗೀಚೋ ಇರಬಹುದು, ಒರೆಸಿ ಮತ್ತೆ ಹಾಕಿ ನೋಡಿ. ಎಲ್ಲದ್ರಲ್ಲೂ ಅದೇ ಜಾಗದಲ್ಲಿ ಬಂದ್ರೆ ಸ್ಟ್ಯಾಂಪರ್‌ನಲ್ಲೋ (ಪ್ಲೇಟ್ ಒತ್ತೋ ಅಚ್ಚು) ಕಟಿಂಗ್‌ನಲ್ಲೋ ತೊಂದರೆ ಇದೆ ಅಂತ ಅರ್ಥ, ಬೇರೆ ಮಾಡಿಸಿ ಕಳಿಸಿ ಅಂತ ಫ್ಯಾಕ್ಟರಿಯವರನ್ನ ಕೇಳಿ. ಅದು ಸರಿಯಾಗಿ ಬಂದು ನಾಲ್ಕೂ ಜನ ಒಪ್ಪೋವರೆಗೂ ರಿಲೀಸ್ ಡೇಟ್ ಹೊರಗೆ ಬಿಡಬೇಡಿ.