‘ಯೋ ಗುಸ್ತೊ ಲೋಸ್ ಮಾಂಗೋಸ್’ ಯಾಕೆ ತಪ್ಪು?

ಸ್ಪ್ಯಾನಿಷ್‌ನಲ್ಲಿ ‘ನನಗೆ ಮಾವಿನಹಣ್ಣು ಇಷ್ಟ’ ಅನ್ನೋಕೆ ನೀವು ಬರೆದ ‘ಯೋ ಗುಸ್ತೊ ಲೋಸ್ ಮಾಂಗೋಸ್’ ತಪ್ಪಾಗಿದ್ದು ಬಹುಶಃ ಇಂಗ್ಲಿಷ್ ಮೂಲಕ ಯೋಚಿಸಿದ್ದರಿಂದ. ಕನ್ನಡದಿಂದ ನೇರ ಹೋಗಿ, ಸಲೀಸು: ‘ನನಗೆ’ ಅಂದರೆ ‘ಮೆ’. ಮೊದಲು ಇಷ್ಟವಾದದ್ದು ಒಂದೋ ಹಲವೋ ನೋಡಿ. ಕ್ರಿಯಾಪದ ಅದಕ್ಕೇ ಹೊಂದಿಕೊಳ್ಳುತ್ತೆ. ‘ಮೆ ಗುಸ್ತಾ ಎಲ್ ಕಫೆ’ (ನನಗೆ ಕಾಫಿ ಇಷ್ಟ), ಆದರೆ ‘ಮೆ ಗುಸ್ತಾನ್ ಲೋಸ್ ಮಾಂಗೋಸ್’.

ಆಮೇಲೆ ಯಾರಿಗೆ ಅನ್ನೋದು: ನಿನಗೆ ‘ತೆ’, ಅವನಿಗೆ ಅಥವಾ ಅವಳಿಗೆ ‘ಲೆ’, ನಮಗೆ ‘ನೋಸ್’, ಅವರಿಗೆ ‘ಲೆಸ್’. ಹೆಸರು ಹೇಳಿದರೂ ‘ಲೆ’ ಬಿಡಬೇಡಿ: ‘ಆ ಮರಿಯಾ ಲೆ ಗುಸ್ತಾ ಎಲ್ ಕಫೆ’ (ಮರಿಯಾಗೆ ಕಾಫಿ ಇಷ್ಟ; ಈ ‘ಆ’ ಸ್ಪ್ಯಾನಿಷ್ ಪದ, ನಮ್ಮ ‘-ಗೆ’ ಇದ್ದಂತೆ). ತಲೆ ನೋಯುತ್ತೆ ಅನ್ನೋಕೂ ಇದೇ ದಾರಿ, ‘ಮೆ ದ್ವೆಲೆ ಲಾ ಕಬೇಸಾ’.

ಆದರೆ ‘ಬೇಕು’ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತೆ: ‘ನನಗೆ ನೀರು ಬೇಕು’ ಅನ್ನೋದು ‘ಕಿಯೆರೊ ಆಗ್ವಾ’, ಅಲ್ಲಿ ‘ಮೆ’ ಹಾಕಬಾರದು.