ಉದ್ಯೋಗ ಪ್ರಶ್ನೋತ್ತರ: ಕಾರ್ಪೊರೇಟ್ ಸೇಲ್ಸ್ ಸಂದರ್ಶನಕ್ಕೆ ಹೊರಟವರಿಗೆ

ಪ್ರಶ್ನೆ: ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕಾರ್ಪೊರೇಟ್ ಸೇಲ್ಸ್ ಕೆಲಸಕ್ಕೆ ಮೂರು ಕಡೆ ಸಂದರ್ಶನ ಕೊಟ್ಟೆ. ಎಚ್‌ಆರ್ ರೌಂಡ್ ಸಲೀಸಾಗಿ ದಾಟುತ್ತದೆ. ‘ನಾನೇ ಗ್ರಾಹಕ, ನನಗೆ ಮಾರಿ ನೋಡೋಣ’ ಎನ್ನುವ ರೋಲ್ ಪ್ಲೇ ಬಂದ ಕೂಡಲೇ ಮುಗ್ಗರಿಸುತ್ತೇನೆ. ಪ್ರಾಡಕ್ಟ್ ಬಗ್ಗೆ ಚೆನ್ನಾಗಿ ಓದಿಕೊಂಡೇ ಹೋಗಿರುತ್ತೇನೆ. ಎಲ್ಲಿ ತಪ್ಪುತ್ತಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಓದಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೀರಿ ಅನ್ನಿಸುತ್ತದೆ. ರೋಲ್ ಪ್ಲೇಗೆ ಸಿಗುವುದು ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ. ಮೊದಲ ಮೂರು ನಿಮಿಷ ನೀವೊಬ್ಬರೇ ಮಾತಾಡಿದರೆ ಎದುರಿಗಿರುವ ಮ್ಯಾನೇಜರ್ ಆಗಲೇ ತೀರ್ಮಾನಕ್ಕೆ ಬಂದಿರುತ್ತಾರೆ. ನೀವು ಏನು ಕೇಳುತ್ತೀರಿ, ಬಂದ ಉತ್ತರವನ್ನು ಮುಂದಿನ ಮಾತಿಗೆ ಹೇಗೆ ಬಳಸುತ್ತೀರಿ, ಕೊನೆಗೆ ಮುಂದಿನ ಹೆಜ್ಜೆ ಯಾವುದೆಂದು ನಿಗದಿ ಮಾಡುತ್ತೀರೋ ಇಲ್ಲವೋ ಎಂಬುದರ ಮೇಲೆ ಅವರ ಕಣ್ಣಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ನೀವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಬೇಕು, ಮ್ಯಾನೇಜರ್ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಮಾಲೀಕ. ಕುಳಿತ ಕೂಡಲೇ ಅವರು ‘ನಮ್ಮ ಹತ್ತಿರ ಈಗಾಗಲೇ ಒಂದು ಸಾಫ್ಟ್‌ವೇರ್ ಇದೆ, ಬೇಡ’ ಎನ್ನುತ್ತಾರೆ. ಹೆಚ್ಚಿನವರು ಇಲ್ಲೇ ‘ನಮ್ಮದು ಅದಕ್ಕಿಂತ ಚೆನ್ನಾಗಿದೆ ಸರ್’ ಎಂದು ಶುರು ಮಾಡಿ ಕೆಡಿಸಿಕೊಳ್ಳುತ್ತಾರೆ. ಅದರ ಬದಲು ‘ಇರಲಿ ಸರ್, ತಿಂಗಳಿಗೆ ಎಷ್ಟು ಇನ್‌ವಾಯ್ಸ್ ಮಾಡ್ತೀರಿ?’ ಎಂದು ಕೇಳಿ. ‘ಸುಮಾರು 400’ ಎಂದರು ಅನ್ನಿ. ವಾರ್ಷಿಕ ವಹಿವಾಟು 5 ಕೋಟಿ ದಾಟಿದೆಯೇ ಎಂಬುದು ಮುಂದಿನ ಪ್ರಶ್ನೆ. ಏಕೆಂದರೆ 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರು ಇತರ ವ್ಯಾಪಾರಿಗಳಿಗೆ ಮಾಡುವ ಬಿಲ್‌ಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್) ಕಡ್ಡಾಯ. ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಯಾರು ಏರಿಸುತ್ತಾರೆ, ಒಂದೊಂದಕ್ಕೆ ಎಷ್ಟು ಹೊತ್ತು, ತಿಂಗಳ 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್) ಸಲ್ಲಿಸುವಾಗ ಎಲ್ಲಿ ತೊಡಕಾಗುತ್ತದೆ ಎಂದು ಒಂದರ ಹಿಂದೊಂದು ಕೇಳಿ. ಪ್ರತಿ ಉತ್ತರವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಬರೆದುಕೊಳ್ಳುವವರನ್ನು ಮ್ಯಾನೇಜರ್‌ಗಳು ಗಮನಿಸುತ್ತಾರೆ.

ಇನ್ನು ಬೆಲೆ. ವರ್ಷಕ್ಕೆ 36,000 ರೂ. ಎಂದು ಹೇಳಿದ ತಕ್ಷಣ ‘ಜಾಸ್ತಿಯಾಯ್ತು’ ಅನ್ನುತ್ತಾರೆ. ಹಾಗೆ ಅನ್ನುವುದೇ ಅವರ ಪಾತ್ರ. ಆ ಕ್ಷಣಕ್ಕೆ ರಿಯಾಯಿತಿ ಕೊಟ್ಟರೆ ಸೋತಂತೆ. ಬರೆದುಕೊಂಡ ಅಂಕಿಗಳನ್ನು ಈಗ ಹೊರಗೆ ತೆಗೆಯಿರಿ: ಒಂದು ಬಿಲ್‌ಗೆ 4 ನಿಮಿಷ ಉಳಿದರೆ 400 ಬಿಲ್‌ಗೆ 1,600 ನಿಮಿಷ, ಅಂದರೆ ತಿಂಗಳಿಗೆ ಸುಮಾರು 27 ಗಂಟೆ. ಅಕೌಂಟೆಂಟ್ ಸಂಬಳ 25,000, ತಿಂಗಳಿಗೆ 200 ಗಂಟೆ ಕೆಲಸ ಎಂದಿಟ್ಟುಕೊಂಡರೆ ಗಂಟೆಗೆ 125 ರೂ. ವರ್ಷದ ಉಳಿತಾಯ ಹೆಚ್ಚುಕಡಿಮೆ 40,000. ಬೆಲೆಗಿಂತ ಕೇವಲ 4,000 ಹೆಚ್ಚು. ಇಷ್ಟಕ್ಕೇ ಯಾವ ಮಾಲೀಕನೂ ಸಾಫ್ಟ್‌ವೇರ್ ಬದಲಿಸುವುದಿಲ್ಲ, ಮ್ಯಾನೇಜರ್‌ಗೂ ಅದು ಗೊತ್ತು. ಆದ್ದರಿಂದ ತಪ್ಪು ಬಿಲ್‌ನಿಂದ ಗ್ರಾಹಕರ ಪಾವತಿ ಎಷ್ಟು ದಿನ ತಡವಾಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಂಡಿರಬೇಕು. ನಿಜವಾದ ನೋವು ಬಹುತೇಕ ಅಲ್ಲೇ ಇರುತ್ತದೆ. ಕೊನೆಗೂ ಬೆಲೆ ಇಳಿಸಲೇಬೇಕಾದರೆ ಬದಲಿಗೆ ಏನಾದರೂ ಕೇಳಿ: ವರ್ಷದ ಹಣ ಮುಂಗಡ, ಅಥವಾ ಎರಡು ವರ್ಷದ ಒಪ್ಪಂದ.

ಮುಗಿಸುವಾಗ ‘ಯೋಚನೆ ಮಾಡಿ ಹೇಳಿ ಸರ್’ ಎನ್ನಬೇಡಿ. ‘ಗುರುವಾರ 11ಕ್ಕೆ ನಿಮ್ಮ ಅಕೌಂಟೆಂಟ್ ಜೊತೆ ಅರ್ಧ ಗಂಟೆ ಡೆಮೊ ಇಟ್ಟುಕೊಳ್ಳೋಣವೇ?’ ಎಂದು ದಿನ, ಸಮಯ, ವ್ಯಕ್ತಿ ಮೂರನ್ನೂ ಹೇಳಿ ಮುಗಿಸಿ. ‘ಈ ಪೆನ್ ಮಾರಿ’ ಎಂದು ಕೇಳಿದರೂ ದಾರಿ ಇದೇ: ದಿನಕ್ಕೆ ಎಷ್ಟು ಬರೆಯುತ್ತೀರಿ, ಈಗ ಬಳಸುವ ಪೆನ್‌ನಲ್ಲಿ ಏನು ಕಿರಿಕಿರಿ ಎಂಬಲ್ಲಿಂದ ಹೊರಡಿ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ಕಾರ್ಪೊರೇಟ್ ಸೇಲ್ಸ್ ನನಗೆ ಆಗದ ಮಾತೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಖಂಡಿತ ಆಗುತ್ತದೆ, ಹುದ್ದೆ ನೋಡಿ ಅರ್ಜಿ ಹಾಕಿ. ಅಮೆರಿಕದ ಗ್ರಾಹಕರಿಗೆ ಫೋನ್‌ನಲ್ಲೇ ಮಾರುವ ತಂಡಕ್ಕೆ ನಿರರ್ಗಳ ಇಂಗ್ಲಿಷ್ ಬೇಕೇ ಬೇಕು. ಕರ್ನಾಟಕದ ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಸಾಫ್ಟ್‌ವೇರ್, ಇಂಟರ್ನೆಟ್ ಲೈನ್, ವಿಮೆ, ಯಂತ್ರೋಪಕರಣ ಮಾರುವ ತಂಡಗಳಿಗೆ ಹುಬ್ಬಳ್ಳಿ, ಬೆಳಗಾವಿಯ ಮಾಲೀಕರ ಜೊತೆ ಅವರ ಭಾಷೆಯಲ್ಲೇ ವ್ಯವಹರಿಸುವವರು ಬೇಕು. ಅಂಥ ಕಡೆ ನಿಮ್ಮ ಕನ್ನಡವೇ ಬಂಡವಾಳ, ರೆಸ್ಯುಮೆಯ ಮೊದಲ ಅರ್ಧ ಪುಟದಲ್ಲೇ ಅದನ್ನು ಬರೆಯಿರಿ. ಹಿಂದಿ ಬಂದರೆ ಅದನ್ನೂ ಸೇರಿಸಿ.

ಪರಿಚಯದ ಮಾತನ್ನು ಇಂಗ್ಲಿಷ್‌ನಲ್ಲಿ 60ರಿಂದ 90 ಸೆಕೆಂಡಿಗೆ ಹೊಂದಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಬಾಯಿಪಾಠ ಒಪ್ಪಿಸಿದ ಹಾಗೆ ಕೇಳಿಸಿದರೆ ವಾಕ್ಯಗಳನ್ನು ಚಿಕ್ಕದು ಮಾಡಿ. ಹಲವೆಡೆ ಗ್ರಾಹಕರಿಗೊಂದು ಇಮೇಲ್ ಬರೆಯಿರಿ ಎಂದು ಹದಿನೈದು–ಇಪ್ಪತ್ತು ನಿಮಿಷ ಕೊಡುತ್ತಾರೆ. ಐದಾರು ಸಾಲು ಸಾಕು: ಯಾಕೆ ಬರೆಯುತ್ತಿದ್ದೀರಿ, ಅವರಿಗೆ ಸಂಬಂಧಪಟ್ಟ ಒಂದು ಅಂಕಿ, ಕೊನೆಗೆ ದಿನಾಂಕ ಇರುವ ಒಂದೇ ಪ್ರಶ್ನೆ. ಉದ್ದ ಬರೆದಷ್ಟೂ ವ್ಯಾಕರಣದ ತಪ್ಪು ಹೆಚ್ಚು.

ಪ್ರಶ್ನೆ: ವಾರ್ಷಿಕ ಸಿಟಿಸಿ 4.8 ಲಕ್ಷ ಎಂದು ಆಫರ್ ಬಂದಿದೆ. ತಿಂಗಳಿಗೆ 40,000 ಕೈಗೆ ಸಿಗುತ್ತದೆಂದು ಲೆಕ್ಕ ಹಾಕಿ ಬೆಂಗಳೂರಿನಲ್ಲಿ ಮನೆ ನೋಡುತ್ತಿದ್ದೇನೆ. ಸರಿಯೇ?
– ಓದುಗರೊಬ್ಬರು, ಹಾಸನ

ಉತ್ತರ: ಮನೆ ನೋಡುವುದನ್ನು ಎರಡು ದಿನ ನಿಲ್ಲಿಸಿ, ಸಂಬಳದ ವಿಂಗಡಣೆಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವಲ್ಲ. ಸೇಲ್ಸ್ ಹುದ್ದೆಯ ಸಿಟಿಸಿಯಲ್ಲಿ ನಿಶ್ಚಿತ ಭಾಗ, ವೇರಿಯಬಲ್ (ಟಾರ್ಗೆಟ್ ಮುಟ್ಟಿದರೆ ಸಿಗುವ ಭಾಗ) ಎಂದು ಎರಡಿರುತ್ತದೆ. ನಿಮ್ಮದು 70:30 ಎಂದುಕೊಳ್ಳೋಣ. ನಿಶ್ಚಿತ ಭಾಗ ವರ್ಷಕ್ಕೆ 3,36,000, ತಿಂಗಳಿಗೆ 28,000. ಇದರಲ್ಲಿ ಬೇಸಿಕ್ ಅರ್ಧ, 14,000. ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, ಅಂದರೆ 1,680 ಸಿಟಿಸಿಯೊಳಗೇ ಸೇರಿರುತ್ತದೆ. ಗ್ರಾಚ್ಯುಟಿ ಎಂದು 4.81 ಪರ್ಸೆಂಟ್, ಸುಮಾರು 673 ರೂ. ಬರೆದಿರುತ್ತಾರೆ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲಿನ ಮಾತು. ಆರೋಗ್ಯ ವಿಮೆಗೆ 500 ಹೋಯಿತೆನ್ನಿ. ಉಳಿದ 25,147ರಲ್ಲಿ ನಿಮ್ಮ ಪಾಲಿನ ಪಿಎಫ್ 1,680, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 23,267. ನಿಮ್ಮ 40,000ಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ. ಮನೆ ಬಾಡಿಗೆಯನ್ನು ಈ ಅಂಕಿಯ ಮೇಲೆ ನಿರ್ಧರಿಸಿ.

ಉಳಿದ 1,44,000 ವೇರಿಯಬಲ್ ಬಗ್ಗೆ ಮ್ಯಾನೇಜರ್ ರೌಂಡ್‌ನಲ್ಲೇ ಕೇಳಬೇಕಿತ್ತು, ಈಗಲೂ ಕೇಳಬಹುದು. ತಿಂಗಳಿಗೋ ಮೂರು ತಿಂಗಳಿಗೋ? ಟಾರ್ಗೆಟ್‌ನ ಎಷ್ಟು ಪರ್ಸೆಂಟ್ ಮುಟ್ಟಿದರೆ ಶುರುವಾಗುತ್ತದೆ? ಮಿತಿ 80 ಪರ್ಸೆಂಟ್ ಎಂದಿದ್ದರೆ 79 ಮಾಡಿದವರಿಗೆ ಸೊನ್ನೆ. ಆರ್ಡರ್ ಬಂದಾಗ ಕೊಡುತ್ತಾರೋ, ಗ್ರಾಹಕರ ಹಣ ಜಮಾ ಆದ ಮೇಲೋ? ದೊಡ್ಡ ಕಂಪನಿಗಳು 60, 90 ದಿನ ಉದ್ರಿ ಕೇಳುತ್ತವೆ, ಹಣ ಜಮಾ ಆಗಬೇಕೆಂದರೆ ನಿಮ್ಮ ಇನ್ಸೆಂಟಿವ್ ಕೂಡ ಅಷ್ಟು ದಿನ ಕಾಯಬೇಕು. ಗ್ರಾಹಕರು ಮಧ್ಯದಲ್ಲಿ ಬಿಟ್ಟರೆ ಕೊಟ್ಟದ್ದನ್ನು ವಾಪಸ್ ಹಿಡಿಯುತ್ತಾರೋ? ಎಲ್ಲಕ್ಕಿಂತ ಮುಖ್ಯವಾಗಿ, ಕಳೆದ ವರ್ಷ ಇದೇ ತಂಡದಲ್ಲಿ ಎಷ್ಟು ಮಂದಿ ಟಾರ್ಗೆಟ್ ಮುಟ್ಟಿದರು? ನೇರ ಉತ್ತರ ಕೊಡುವ ಮ್ಯಾನೇಜರ್ ಸಿಕ್ಕರೆ ಆ ಕಂಪನಿಗೆ ನನ್ನ ಕಡೆಯಿಂದ ಒಂದು ಅಂಕ ಹೆಚ್ಚು.

ಪ್ರಶ್ನೆ: ಮೂರು ವರ್ಷ ಬ್ಯಾಂಕೊಂದರಲ್ಲಿ ವೈಯಕ್ತಿಕ ಸಾಲ ಮಾರಿದ್ದೇನೆ. ಸಂದರ್ಶನದಲ್ಲಿ ‘ನಿಮ್ಮ ನಂಬರ್ಸ್ ಹೇಳಿ’ ಎಂದಾಗ ಟಾರ್ಗೆಟ್ ಮುಟ್ಟಿದ್ದೆ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಟಾರ್ಗೆಟ್ ಎಷ್ಟಿತ್ತು, ಎಷ್ಟು ಮಾಡಿದಿರಿ, ತಂಡದಲ್ಲಿ ಎಷ್ಟನೆಯವರು, ಎಷ್ಟು ಕರೆಗೆ ಒಂದು ಭೇಟಿ, ಎಷ್ಟು ಭೇಟಿಗೆ ಒಂದು ಸಾಲ ಮಂಜೂರು ಎಂಬುದು ಅವರಿಗೆ ಬೇಕಿತ್ತು. ಕೆಟ್ಟ ತಿಂಗಳನ್ನೂ ಕಾರಣ ಸಮೇತ ಹೇಳಿ. ಎಲ್ಲ ತಿಂಗಳೂ 120 ಪರ್ಸೆಂಟ್ ಎಂದರೆ ಅನುಭವಿಗಳು ನಂಬುವುದಿಲ್ಲ.

ಇದೇ ಲೆಕ್ಕವನ್ನು ಹೊಸ ಹುದ್ದೆಗೂ ಹಾಕಿಕೊಂಡು ಹೋಗಿ. ಮೂರು ತಿಂಗಳ ಟಾರ್ಗೆಟ್ 30 ಲಕ್ಷ, ಒಂದು ಡೀಲ್ ಸರಾಸರಿ 3 ಲಕ್ಷ ಎಂದರೆ 10 ಡೀಲ್ ಬೇಕು. ನಾಲ್ಕು ಪ್ರಪೋಸಲ್‌ಗೆ ಒಂದು ಡೀಲ್ ಆದರೆ 40 ಪ್ರಪೋಸಲ್, ಎರಡು ಡೆಮೊಗೆ ಒಂದು ಪ್ರಪೋಸಲ್ ಆದರೆ 80 ಡೆಮೊ. ಕೆಲಸದ ದಿನ ಸುಮಾರು 65. ದಿನಕ್ಕೆ ಒಂದಕ್ಕಿಂತ ಹೆಚ್ಚು ಡೆಮೊ ಹೊಂದಿಸಲು ಲೀಡ್ (ಕೊಳ್ಳುವ ಸಾಧ್ಯತೆ ಇರುವ ಗ್ರಾಹಕರ ವಿವರ) ಕಂಪನಿ ಕೊಡುತ್ತದೋ, ನೀವೇ ಹುಡುಕಬೇಕೋ? ಈ ಪ್ರಶ್ನೆ ನಿಮ್ಮಿಂದಲೇ ಬಂದರೆ ಮಾತಿನ ದಿಕ್ಕೇ ಬದಲಾಗುತ್ತದೆ. ಇನ್ನೊಂದು: ವೈಯಕ್ತಿಕ ಸಾಲಕ್ಕೆ ನಿರ್ಧಾರ ಒಬ್ಬರದು. ಕಂಪನಿಗೆ ಮಾರುವಾಗ ಬಳಸುವವರು, ಐಟಿಯವರು, ಪರ್ಚೇಸ್, ಫೈನಾನ್ಸ್ ಎಲ್ಲರೂ ಒಪ್ಪಬೇಕು. ಈ ವ್ಯತ್ಯಾಸ ನಿಮಗೆ ಗೊತ್ತಿದೆ ಎಂದು ಅವರಿಗೆ ಕಾಣಬೇಕು.

ಪ್ರಶ್ನೆ: ಕೊನೆಯ ರೌಂಡ್‌ಗೆ ಮೊದಲು ‘ಹಳೆಯ ಕಂಪನಿಯ 100 ಗ್ರಾಹಕರ ಪಟ್ಟಿ ತನ್ನಿ’ ಎಂದಿದ್ದಾರೆ. ಕಿಟ್‌ಗೆಂದು 2,500 ರೂ. ಡೆಪಾಸಿಟ್, ಮೂಲ ಅಂಕಪಟ್ಟಿಗಳನ್ನೂ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂರಕ್ಕೂ ಇಲ್ಲ ಎನ್ನಿ. ಗ್ರಾಹಕರ ಪಟ್ಟಿ ಹಳೆಯ ಕಂಪನಿಯ ಆಸ್ತಿ. ನೀವು ಸಹಿ ಹಾಕಿದ ನೇಮಕಾತಿ ಪತ್ರದಲ್ಲಿ ಗೋಪ್ಯತೆಯ ಷರತ್ತು ಸಾಮಾನ್ಯವಾಗಿ ಇರುತ್ತದೆ, ಪಟ್ಟಿ ಕೊಟ್ಟರೆ ಕಾನೂನಿನ ತೊಂದರೆ ನಿಮಗೇ ಸುತ್ತಿಕೊಳ್ಳುತ್ತದೆ. ಅದರ ಬದಲು ‘ಈ ಊರಿನಲ್ಲಿ ಯಾವ ಬಗೆಯ ಉದ್ದಿಮೆಗಳನ್ನು ಹೇಗೆ ತಲುಪುತ್ತೇನೆ’ ಎಂದು ಒಂದು ಪುಟದ ಯೋಜನೆ ಬರೆದುಕೊಡಿ. ನೆಟ್ಟಗಿನ ಕಂಪನಿಗೆ ಅದು ಸಾಕು. ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆಗೆ ಜೆರಾಕ್ಸ್ ಕೊಟ್ಟು ಮೂಲ ಪ್ರತಿಗಳನ್ನು ಆಗಲೇ ವಾಪಸ್ ತನ್ನಿ. ಕೆಲಸ ಕೊಡಲು ದುಡ್ಡು ಕೇಳುವವರು ಬಹುತೇಕ ವಂಚಕರೇ. ಈಗಾಗಲೇ ಆನ್‌ಲೈನ್‌ನಲ್ಲಿ ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ವಹಿವಾಟಿನ ಸಂಖ್ಯೆ, ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.