ವ್ಯಾನಿನ ರೂಟ್: ದೂರಕ್ಕಿಂತ ಮೊದಲು ಹೊರೆ ನೋಡಿ

ಬಾಡಿಗೆ ಸೈಕಲ್ ಸ್ಟೇಷನ್‌ಗಳಲ್ಲಿ ಹೆಚ್ಚಿದ್ದಲ್ಲಿಂದ ಸೈಕಲ್ ಎತ್ತಿ ಕಡಿಮೆ ಇದ್ದಲ್ಲಿ ಇಳಿಸುವ ವ್ಯಾನ್, ಸದಾ ಹತ್ತಿರದ ಸ್ಟೇಷನ್ನಿಗೇ ಹೋಗುತ್ತಿದ್ದರೆ ಅರ್ಧ ದಾರಿಯಲ್ಲೇ ತುಂಬಿಹೋಗುತ್ತದೆ, ಯಾಕೆ ಅಂತ ಕೇಳಿದ್ದೀರಿ. ತುಂಬದೆ ಇನ್ನೇನು? ಆ ಲೆಕ್ಕ ದೂರ ನೋಡುತ್ತದೆ, ಒಳಗೆ ಉಳಿದ ಜಾಗ ನೋಡುವುದಿಲ್ಲ.

ವ್ಯಾನಿಗೆ 20 ಸೈಕಲ್ ಹಿಡಿಯುತ್ತದೆ ಅನ್ನಿ. ಎ ಸ್ಟೇಷನ್ನಿನಲ್ಲಿ 12, ಸಿಯಲ್ಲಿ 10 ಎತ್ತಬೇಕು. ಬಿಯಲ್ಲಿ 8, ಡಿಯಲ್ಲಿ 9, ಇಯಲ್ಲಿ 5 ಇಳಿಸಬೇಕು. ಎ ಮತ್ತು ಸಿ ಅಕ್ಕಪಕ್ಕ ಇವೆ ಅಂತ ಒಟ್ಟಿಗೆ ಮುಗಿಸಲು ಹೋದರೆ 22, ಅಲ್ಲಿಗೆ ಆಟ ಮುಗಿಯಿತು. ಎ, ಬಿ, ಸಿ, ಡಿ, ಇ ಅಂತ ಹೋದರೆ ಹೊರೆ 12, 4, 14, 5, 0.

ಪರೀಕ್ಷೆ ಸುಲಭ. ಸೊನ್ನೆಯಿಂದ ಶುರುಮಾಡಿ ಪ್ರತಿ ನಿಲುಗಡೆಯಲ್ಲಿ ಕೂಡಿ ಕಳೆದು ಬರೆಯುತ್ತಾ ಹೋಗಿ. ಅತಿ ದೊಡ್ಡ ಸಂಖ್ಯೆಗೂ ಅತಿ ಚಿಕ್ಕದಕ್ಕೂ ಇರುವ ಅಂತರ 20 ಮೀರದಿದ್ದರೆ ಆ ಸರದಿ ನಡೆಯುತ್ತದೆ. ಇದನ್ನೇ ಇಯಿಂದ ಎಗೆ ಹಿಂದುಮುಂದಾಗಿ ಮಾಡಿದರೆ −5, −14, −4, −12, 0 ಬರುತ್ತದೆ. ಮೈನಸ್ ಕಂಡು ಬಿಟ್ಟುಬಿಡಬೇಡಿ. ಡಿಪೋದಿಂದಲೇ 14 ಸೈಕಲ್ ಹಾಕಿಕೊಂಡು ಹೊರಟರೆ ಸರಿಹೋಗುತ್ತದೆ. ರೂಟ್ ಲೆಕ್ಕಹಾಕುವ ಗೂಗಲ್‌ನ ತಂತ್ರಾಂಶ ಓಆರ್-ಟೂಲ್ಸ್ ಬಳಸುವವರು ಆರಂಭದ ಹೊರೆಯನ್ನು ಸೊನ್ನೆಗೆ ಕಟ್ಟುವ ಆಯ್ಕೆಯನ್ನು ಫಾಲ್ಸ್ ಮಾಡಬೇಕು. ಇಲ್ಲದಿದ್ದರೆ ಇಂಥ ರೂಟ್‌ಗಳು ಕಣ್ಣಿಗೇ ಬೀಳುವುದಿಲ್ಲ. ರೂಟಿನ ಒಂದು ತುಂಡನ್ನು ಹಿಂದುಮುಂದು ಮಾಡಿ ದೂರ ಕಡಿಮೆಯಾಯಿತೇ ಅಂತ ನೋಡುವ 2-ಆಪ್ಟ್ ವಿಧಾನದಲ್ಲಿ, ತುಂಡು ತಿರುಗಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಿ. ಒನ್‌ವೇ ಇದ್ದರೆ ಹೋಗುವ ದೂರ, ಬರುವ ದೂರ ಬೇರೆ ಬೇರೆ. ನೇರ ಗೆರೆ ಎಳೆದು ಅಳೆದರೆ ಉಪಯೋಗವಿಲ್ಲ.

ಇನ್ನು ಸಮಯ. ಒಂದು ಸೈಕಲ್ ಏರಿಸಲು ಒಂದು ನಿಮಿಷ, ಇಳಿಸಲು ಒಂದು ನಿಮಿಷ ಅಂತಿಟ್ಟುಕೊಂಡರೂ ಮೇಲಿನ ಕೆಲಸಕ್ಕೆ 44 ನಿಮಿಷ. ರೂಟನ್ನು ಎಷ್ಟೇ ತಿದ್ದಿದರೂ ಇದು ಕಡಿಮೆಯಾಗದು. ಕಡಿಮೆಯಾಗುವುದು ಗುರಿ ಸಡಿಲಿಸಿದಾಗ. ಪ್ರತಿ ಸ್ಟೇಷನ್ನಿಗೂ ‘ಸರಿಯಾಗಿ 10’ ಅನ್ನುವ ಬದಲು ‘5ರಿಂದ 15’ ಅಂತ ಮಿತಿ ಕೊಡಿ. ಇಯಲ್ಲಿ ಈಗ 5 ಸೈಕಲ್ ಇದ್ದರೆ ಆ ಸ್ಟೇಷನ್ನಿಗೆ ಹೋಗುವುದನ್ನೇ ಬಿಡಿ, ಸಿಯಲ್ಲಿ 5 ಮಾತ್ರ ಎತ್ತಿ. ಹೊರೆ 12, 4, 9, 0. ಕೈಕೆಲಸ 34 ನಿಮಿಷ. ಒಂದು ನಿಲುಗಡೆಯೂ ಉಳಿಯಿತು. ಹಗಲು ಹೊತ್ತಿನಲ್ಲಿ ಈ ಸಡಿಲಿಕೆ ಇನ್ನೂ ಮುಖ್ಯ, ವ್ಯಾನ್ ತಲುಪುವಷ್ಟರಲ್ಲಿ ಸಂಖ್ಯೆ ಬದಲಾಗಿರುತ್ತದೆ.

ಕೆಟ್ಟ ಸೈಕಲ್‌ಗಳನ್ನು ಬೇರೆ ಎಣಿಸಿ. ಸೈಕಲ್ ನಿಲ್ಲಿಸಿ ಬೀಗ ಹಾಕುವ 16 ಡಾಕ್ ತುಂಬಿದ್ದು ಐದು ಪಂಕ್ಚರ್ ಆಗಿದ್ದರೆ ಸವಾರರಿಗೆ ಸಿಗುವುದು 11. ಎತ್ತಿಕೊಂಡ ಪಂಕ್ಚರ್ ಸೈಕಲ್ ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವುದಿಲ್ಲ, ಡಿಪೋವರೆಗೂ ಜಾಗ ತಿನ್ನುತ್ತದೆ. ಹಾಗಾಗಿ ಲೆಕ್ಕಕ್ಕೆ ವ್ಯಾನಿನ ಸಾಮರ್ಥ್ಯ 20 ಅಂತ ಕೊಡಬೇಡಿ, ಕೆಟ್ಟವಕ್ಕೆ ಮೂರು ಜಾಗ ಬಿಟ್ಟು 17 ಕೊಡಿ.